ವೈರ್ ಹಿಡಿಯುವವಳಿಗೆ

ಪ್ರೀತಿಯ ಸೂಪರ್‌ವೈಸರಮ್ಮನವರೇ,

ನೀನು ಫೋನಿನಲ್ಲಿ ಮೂರು ಸಾಲು ಕಳಿಸಿ ಇವತ್ತಿಗೆ ಒಂಬತ್ತು ದಿನ. ‘ಹೊಸ ಮನೆ ಹಿತ್ತಲಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಹುಲ್ಲು ಕತ್ತರಿಸೋ ಬ್ಯಾಟರಿ ಮಿಷನ್ ತಗೋಬೇಕು ಅಂತಿದೀನಿ. ಅಪ್ಪ ದೊಡ್ಡದೊಂದು ಕೊಡಿಸ್ತೀನಿ ಅಂತಿದಾರೆ, ನೀವೇನ್ ಹೇಳ್ತೀರಾ ಮೀಟರ್?’ ಇಷ್ಟೇ. ಇದಕ್ಕೆ ಒಂದು ಸಾಲಿನ ಉತ್ತರ ಸಾಕಿತ್ತು. ಮೂವತ್ತೊಂದು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದವನು ನಾನು. ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದೇ ನನ್ನ ಕಸುಬು. ಆದರೆ ನಿನ್ನ ಆ ಮೂರನೇ ಸಾಲಿನ ಬಾಗಿಲಲ್ಲಿ ಒಂಬತ್ತು ದಿನ ನಿಂತುಬಿಟ್ಟೆ. ‘ಅಪ್ಪ’ ಅನ್ನುವ ಮಾತನ್ನು ನೀನು ಬರೆದದ್ದು ನಾನು ನೋಡಿದ್ದು ಅದೇ ಮೊದಲು. ಅದು ನನಗಲ್ಲ ಅನ್ನುವುದು ಗೊತ್ತಿದ್ದೂ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅದಕ್ಕೇ ಈ ಕಾಗದ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ನಿನ್ನ ಹಿತ್ತಲು ಕನಸಿಗೆ ಬಂತು. ನಾನು ಅದನ್ನು ನೋಡಿರುವುದು ನೀನು ಕಳಿಸಿದ ಒಂದೇ ಒಂದು ಫೋಟೋದಲ್ಲಿ. ಕನಸಿಗೆ ಅಷ್ಟೇ ಸಾಕಾಯಿತು. ಬಟ್ಟೆ ಒಣಹಾಕುವ ತಂತಿ, ಒಂದು ನಿಂಬೆ ಗಿಡ, ಹಿಂದೆ ಇಟ್ಟಿಗೆ ಗೋಡೆ. ನಾನು ಮಿಷನ್ ತಳ್ಳುತ್ತಿದ್ದೆ. ಸದ್ದೇ ಇಲ್ಲ. ಹುಲ್ಲು ತಾನಾಗಿ ಮಲಗುತ್ತಾ ಹೋಗುತ್ತಿತ್ತು, ನಾನು ಹತ್ತಿರ ಹೋದಷ್ಟೂ ಗೋಡೆ ಹಿಂದೆ ಸರಿಯುತ್ತಿತ್ತು. ಬಿಸಿಲು ಹಾಲಿನ ಹಾಗೆ ಬೆಳ್ಳಗಿತ್ತು. ಎಷ್ಟು ದೂರ ಹೋದೆನೋ ಏನೋ, ಮಿಷನ್ನಿನ ಕರೆಂಟ್ ವೈರ್ ಎಲ್ಲಿ ಸಿಕ್ಕಿಕೊಂಡಿತು ಎಂದು ತಿರುಗಿ ನೋಡಿದರೆ ವೈರೇ ಇಲ್ಲ. ಹಿಂದೆ ಯಾರೂ ಇಲ್ಲ. ಎಚ್ಚರವಾದಾಗ ಎರಡೂ ಕೈ ಮುಷ್ಟಿ ಕಟ್ಟಿದ್ದವು. ‘ಯಾರ ಜೊತೆ ಜಗಳ ರೀ?’ ಎಂದು ನಿಮ್ಮಮ್ಮ ನಕ್ಕಳು.

ನಿನಗೆ ಎಂಟು ವರ್ಷ, ನಮ್ಮ ಮದುವೆಯಾದ ಮೇಲೆ ನೀನು ನಿಮ್ಮಮ್ಮನ ಕೈ ಹಿಡಿದು ಈ ಮನೆಗೆ ಬಂದಾಗ. ಒಂದು ಚೀಲ, ಮೀನಿನ ಆಕಾರದ ಒಂದು ದಿಂಬು, ಮತ್ತು ನನ್ನನ್ನು ಕಂಡರೆ ಬಿಗಿದುಕೊಳ್ಳುವ ತುಟಿ. ನಾನು ಕೋಣೆಗೆ ಬಂದರೆ ನೀನು ಎದ್ದು ಆಚೆ ಹೋಗುತ್ತಿದ್ದೆ. ಬೀದಿಯವರೆಲ್ಲ ನನ್ನನ್ನು ಕರೆಯುತ್ತಿದ್ದ ಹಾಗೆ ನೀನೂ ಮೀಟರ್ ಎಂದು ಕರೆದೆ, ಅದೂ ತೀರಾ ಬೇಕಾದಾಗ ಮಾತ್ರ. ಏಳು ತಿಂಗಳು ಹೀಗೇ ಹೋಯಿತು. ಮಕ್ಕಳನ್ನು ಒಲಿಸಿಕೊಳ್ಳುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಚಾಕಲೇಟ್ ತಂದಿಟ್ಟರೆ ಅದು ಕರಗಿ ಕಾಗದಕ್ಕೆ ಅಂಟುವವರೆಗೂ ಅಲ್ಲೇ ಇರುತ್ತಿತ್ತು.

ಆಮೇಲೆ ಆ ಭಾನುವಾರ. ನೀನು ಹಿತ್ತಲ ಮೆಟ್ಟಿಲ ಮೇಲೆ ಕೂತು ಇರುವೆ ನೋಡುತ್ತಿದ್ದೆ. ನಾನು ಆ ಹಳೆಯ ಕರೆಂಟಿನ ಮಿಷನ್ನನ್ನು ಆಚೆ ತಂದು, ಕಿತ್ತಳೆ ಬಣ್ಣದ ವೈರ್ ಬಿಚ್ಚಿ, ಯಾವ ಧೈರ್ಯದ ಮೇಲೋ ಬಾಯಿಬಿಟ್ಟೆ: ‘ಇದನ್ನ ಒಬ್ಬರೇ ಓಡಿಸೋ ಹಾಗಿಲ್ಲ. ಹಿಂದೆ ವೈರ್ ಹಿಡ್ಕೊಳ್ಳೋಕೆ ಒಬ್ಬರು ಬೇಕೇ ಬೇಕು. ಕರೆಂಟಿನ ವಿಷಯ, ಹುಡುಗಾಟ ಅಲ್ಲ.’ ನೀನು ನನ್ನನ್ನು ನೋಡಿದೆ, ಮಿಷನ್ನನ್ನು ನೋಡಿದೆ. ‘ಎಷ್ಟು ಹೊತ್ತು?’ ಎಂದೆ. ‘ಅರ್ಧ ಗಂಟೆ.’ ‘ಶೂ ಹಾಕ್ಕೊಂಡು ಬರ್ತೀನಿ.’ ಆಹಾ, ಆ ಮಾತು! ನೀನು ಶೂ ಹಾಕಿಕೊಳ್ಳುವಷ್ಟು ಹೊತ್ತು ನಾನು ಹುಲ್ಲಿನ ಮೇಲೆ ಬೆಪ್ಪನ ಹಾಗೆ ನಗುತ್ತಾ ನಿಂತಿದ್ದೆ.

ಅಲ್ಲಿಂದ ಎಷ್ಟು ಭಾನುವಾರಗಳು. ಮುಂದೆ ನಾನು, ನಾಲ್ಕು ಹೆಜ್ಜೆ ಹಿಂದೆ ತೋಳಿಗೆ ವೈರ್ ಸುತ್ತಿಕೊಂಡು ನೀನು. ‘ಎಡಕ್ಕೆ!’ ‘ನಿಲ್ಲಿ, ನಿಲ್ಲಿ!’ ‘ಕಣ್ಣು ಕಾಣಲ್ವಾ, ಅಲ್ಲಿ ಒಂದು ಗೆರೆ ಬಿಟ್ರಿ!’ ಸೂಪರ್‌ವೈಸರ್ ಪದವಿ ನಿನಗೆ ಸುಮ್ಮನೆ ಬಂದದ್ದಲ್ಲ. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ನಿನ್ನ ದನಿ ಕೇಳಿಸುತ್ತದೆ. ಮಿಷನ್ನಿನ ಗದ್ದಲದಲ್ಲಿ ನನಗೇನೂ ಕೇಳುವುದಿಲ್ಲವೆಂದು ನಂಬಿ ನೀನು ಹಿಂದಿನಿಂದ ನಿನ್ನ ಪಾಡಿಗೆ ಮಾತಾಡುತ್ತಿದ್ದೆ. ಲೆಕ್ಕದ ಮೇಡಂ ಬೈದದ್ದು, ಗೆಳತಿ ಬೇರೆ ಬೆಂಚಿಗೆ ಹೋದದ್ದು. ಒಂದು ಸಲ, ‘ನಂಗೆ ನಮ್ಮಪ್ಪನ ಮುಖ ಮರ್ತೇ ಹೋಗ್ತಿದೆ’ ಎಂದೆ. ನಾನು ತಿರುಗಿ ನೋಡಲಿಲ್ಲ. ಎಲ್ಲವೂ ಕೇಳುತ್ತಿತ್ತು ಕಣೇ. ಒಂದಕ್ಷರ ಬಿಡದ ಹಾಗೆ ಕೇಳುತ್ತಿತ್ತು.

ಹದಿನೈದನೇ ವರ್ಷದ ಆ ದಿನ ನಿನಗೆ ನೆನಪಿರುತ್ತದೆ. ಯಾವುದೋ ಪ್ರವಾಸಕ್ಕೆ ನಾನು ಬೇಡವೆಂದಿದ್ದೆ. ನೀನು ವೈರ್ ಕೈಬಿಟ್ಟು, ‘ಬೇಡ ಅನ್ನೋಕೆ ನೀವ್ಯಾರು? ನೀವು ನನ್ನ ಅಪ್ಪ ಅಲ್ಲ’ ಎಂದೆ. ನಾನು ತಿರುಗಿದೆ, ಮಿಷನ್ನೂ ತಿರುಗಿತು, ವೈರ್ ಬ್ಲೇಡಿಗೆ ಸಿಕ್ಕಿತು. ಫಟ್! ಇಡೀ ಮನೆಯ ಕರೆಂಟ್ ಹೋಯಿತು. ಪ್ಲಗ್ ಕಿತ್ತು, ಮೆಟ್ಟಿಲ ಮೇಲೆ ಕೂತು ವೈರಿನ ಎರಡು ತುದಿ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದೆ. ಒಂದು ಗಂಟೆಯ ಮೇಲೆ ನೀನು ಬಂದು ಪಕ್ಕದಲ್ಲಿ ಕೂತೆ. ಕೈಯಲ್ಲಿ ಕಪ್ಪು ಟೇಪಿನ ಸುರುಳಿ. ನಾನು ತಾಮ್ರದ ಎಳೆ ಹೊಸೆದೆ, ನೀನು ಟೇಪ್ ಸುತ್ತಿದೆ. ಇಲಾಖೆಯವರು ಆ ಜಾಯಿಂಟ್ ನೋಡಿದ್ದರೆ ನನಗೇ ನೋಟಿಸ್ ಕೊಡುತ್ತಿದ್ದರು.

ಇರಲಿ, ಕೇಳಿದ್ದಕ್ಕೆ ಬರುತ್ತೇನೆ. ಈ ಒಂಬತ್ತು ದಿನದಲ್ಲಿ ನಾಲ್ಕು ಅಂಗಡಿ ಸುತ್ತಿದ್ದೇನೆ. ನಿನ್ನ ಫೋಟೋದ ಮೇಲೆ ಭೂತಗನ್ನಡಿ ಹಿಡಿದು ಗೋಡೆಯ ಇಟ್ಟಿಗೆ ಎಣಿಸಿದೆ. ಅಡ್ಡಕ್ಕೆ ನಲವತ್ತೆರಡು, ಅಂದರೆ ಮೂವತ್ತು ಅಡಿಯ ಮೇಲೆ ಸ್ವಲ್ಪ. ನಿಂಬೆ ಗಿಡಕ್ಕೂ ಪಕ್ಕದ ಗೋಡೆಗೂ ನಡುವೆ ಎರಡೇ ಇಟ್ಟಿಗೆಯಷ್ಟು ಸಂದು. ನಿನ್ನ ಅಪ್ಪ ಹೇಳುತ್ತಿರುವ ದೊಡ್ಡದನ್ನೂ ನೋಡಿದೆ. ಎರಡು ಬ್ಯಾಟರಿ, ತಳ್ಳುವುದೇ ಬೇಡ, ತಾನಾಗಿ ಮುಂದಕ್ಕೆ ನಡೆಯುತ್ತದೆ. ಅಂಗಡಿಯವರು ನನಗೆ ಅದನ್ನು ಹಿಡಿಸಿದರು. ನಾನು ಮಿಷನ್ ಓಡಿಸಿದೆನೋ ಮಿಷನ್ ನನ್ನನ್ನು ಎಳೆದುಕೊಂಡು ಹೋಯಿತೋ ತಿಳಿಯಲಿಲ್ಲ.

ಸತ್ಯ ಹೇಳಿಬಿಡುತ್ತೇನೆ. ಮೊದಲು ನಿನಗೆ ಒಂದು ಕಾಗದ ಬರೆದು ಹರಿದುಹಾಕಿದೆ. ಅದರಲ್ಲಿ ಆ ದೊಡ್ಡ ಮಿಷನ್ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಓದಿ ನೋಡಿದರೆ ಬೈದದ್ದು ಮಿಷನ್ನನ್ನಲ್ಲ. ನಿನ್ನ ಮೂರನೇ ವರ್ಷದಲ್ಲಿ ಬಿಟ್ಟುಹೋದ ನಿನ್ನ ಅಪ್ಪ ಕಳೆದ ವರ್ಷ ಬಂದು ಬಾಗಿಲು ತಟ್ಟಿದರು, ನೀನು ತೆರೆದೆ. ತೆರೆದದ್ದು ಸರಿಯೇ. ನನಗೆ ಮಾತ್ರ ಹೊಟ್ಟೆಕಿಚ್ಚು. ಅವರು ಸಿಕ್ಕ ಮೇಲೆ ನನ್ನದೇನು ಕೆಲಸ, ವೈರ್ ಇಲ್ಲದ ಮಿಷನ್ ಬಂದ ಮೇಲೆ ವೈರಿನವನಿಗೇನು ಕೆಲಸ, ಇದೇ ಒಂದು ಯೋಚನೆ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು.

ಈಗ ತಣ್ಣಗೆ ಹೇಳುತ್ತೇನೆ. ದೊಡ್ಡದು ಒಳ್ಳೆಯ ಮಿಷನ್ನೇ, ಆದರೆ ಅದು ಬಯಲಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಿತ್ತಲು ಇದ್ದಷ್ಟು ಬ್ಲೇಡು. ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಅಗಲ ಕತ್ತರಿಸುವುದು ಸಾಕು, ನಿಂಬೆ ಗಿಡದ ಸಂದಿಗೂ ನುಗ್ಗುತ್ತದೆ. ಒಂದೇ ಬ್ಯಾಟರಿ, ಅರ್ಧ ಗಂಟೆ ಓಡಿದರೆ ನಿನ್ನ ಹಿತ್ತಲು ಮುಗಿದು ಮಿಗುತ್ತದೆ. ಎತ್ತಿ ನೋಡಿ ತಗೋ, ಮೂರು ಮೆಟ್ಟಿಲು ಇಳಿಸಬೇಕಾದವಳು ನೀನು. ಹಿಡಿ ಮಡಿಚಿ ನಿಲ್ಲಿಸುವಂತಿರಲಿ. ಮೊದಲ ಸಲ ಬ್ಲೇಡ್ ಎತ್ತರಕ್ಕಿಟ್ಟು ಒಂದು ಸುತ್ತು, ಆಮೇಲೆ ತಗ್ಗಿಸಿ ಇನ್ನೊಂದು. ಮೊಣಕಾಲುದ್ದದ ಹುಲ್ಲನ್ನು ಒಂದೇ ಏಟಿಗೆ ಹೊಡೆಯಲು ಹೋದರೆ ಮಿಷನ್ ಉಸಿರುಗಟ್ಟಿ ನಿಲ್ಲುತ್ತದೆ. ಒದ್ದೆ ಹುಲ್ಲು ಮುಟ್ಟಬೇಡ. ಬಿಸಿಯಾದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡ. ಬ್ಲೇಡಿನ ಹತ್ತಿರ ಕೈ ಹಾಕುವ ಮೊದಲು ಬ್ಯಾಟರಿ ತೆಗಿ, ಇದನ್ನು ಮಾತ್ರ ಮೂರು ಸಲ ಓದಿಕೋ. ಈ ಚಿಕ್ಕದನ್ನು ನಿನ್ನ ಅಪ್ಪನೇ ಕೊಡಿಸಲಿ. ಕೊಡಿಸುವ ಆಸೆ ಅವರಿಗೂ ಇಪ್ಪತ್ತೈದು ವರ್ಷದಿಂದ ಇದ್ದಿರಬಹುದು.

ಇನ್ನೊಂದು ಮಾತು ಹೊಟ್ಟೆಯಲ್ಲೇ ಉಳಿದಿದೆ. ವೈರಿಲ್ಲದ ಮಿಷನ್ ನಿನ್ನ ಮನೆಗೆ ಬರುವ ಮೊದಲು ಅದನ್ನು ಹೇಳಿಬಿಡಬೇಕು. ಆ ಹಳೆಯ ಮಿಷನ್ನಿಗೆ ವೈರ್ ಹಿಡಿಯಲು ಯಾರೂ ಬೇಕಿರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಒಬ್ಬನೇ ಓಡಿಸಬಹುದು. ಎಲ್ಲರೂ ಹಾಗೇ ಮಾಡುತ್ತಾರೆ. ನೀನು ಓದಲು ಊರು ಬಿಟ್ಟ ಮೇಲೆ ನಾನೂ ಹಾಗೇ ಮಾಡುತ್ತಿದ್ದೇನೆ. ನೀನು ರಜೆಗೆ ಬರುವ ಮುಂಚಿನ ಎರಡು ವಾರ ಮಾತ್ರ ಬೇಕೆಂದೇ ಹುಲ್ಲು ಬೆಳೆಯಲು ಬಿಡುತ್ತಿದ್ದೆ. ನಿನ್ನನ್ನು ಅರ್ಧ ಗಂಟೆ ಹತ್ತಿರ ನಿಲ್ಲಿಸಿಕೊಳ್ಳಲು ನನಗೆ ಹೊಳೆದದ್ದು ಆ ಒಂದೇ ಸುಳ್ಳು. ಕ್ಷಮಿಸು.

ಇಷ್ಟು ಬರೆದು, ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟಲು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ‘ಅವಳಿಗೆ ಹನ್ನೊಂದನೇ ವರ್ಷದಲ್ಲೇ ಗೊತ್ತಾಗಿತ್ತು ರೀ. ಎದುರು ಮನೆ ಡ್ರೈವರು ಒಬ್ಬರೇ ವೈರ್ ಹೆಗಲ ಮೇಲೆ ಹಾಕ್ಕೊಂಡು ಹುಲ್ಲು ಹೊಡೀತಿದ್ರಂತೆ, ನೋಡ್ಕೊಂಡು ಓಡಿ ಬಂದ್ಳು. ಮೀಟರ್ ಸುಳ್ಳು ಹೇಳಿದಾರಮ್ಮ ಅಂದ್ಳು. ಹೋಗಿ ಕೇಳು ಅಂದೆ. ಬಾಗಿಲ ತನಕ ಹೋಗಿ ತಿರುಗಿ ಬಂದು, ಬೇಡಮ್ಮ, ನೀನೂ ಹೇಳ್ಬೇಡ, ಗೊತ್ತಾದ್ರೆ ಆಮೇಲೆ ನನ್ನ ಕರೆಯಲ್ಲ ಅಂದ್ಳು. ನೀವು ಚಾಪೆ ಕೆಳಗೆ ತೂರಿದ್ರೆ ಅವಳು ರಂಗೋಲಿ ಕೆಳಗೆ!’

ನಾನು ಪೆನ್ನು ಹಿಡಿದುಕೊಂಡು ಹಿತ್ತಲಿಗೆ ಬಂದು ಮೆಟ್ಟಿಲ ಮೇಲೆ ಕೂತೆ. ಉಳಿದದ್ದನ್ನು ಇಲ್ಲೇ ಬರೆಯುತ್ತಿದ್ದೇನೆ. ಸಂಜೆಯ ಬಿಸಿಲು ಹುಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತಿದೆ. ಹನ್ನೊಂದರಿಂದ ಹದಿನೆಂಟರವರೆಗೆ ಏಳು ವರ್ಷ, ಆಮೇಲೆ ಒಂದೊಂದು ರಜೆಯಲ್ಲೂ, ಬೇಕಿಲ್ಲದ ವೈರನ್ನು ಬೇಕೆಂದೇ ಹಿಡಿದು ನನ್ನ ಹಿಂದೆ ನಡೆದೆಯಾ? ಕಪ್ಪು ಟೇಪ್ ಹಿಡಿದು ನನ್ನ ಪಕ್ಕ ಬಂದು ಕೂತ ದಿನವೂ ನಿನಗೆ ಗೊತ್ತಿತ್ತಾ? ಅಳು ಬರುತ್ತಿದೆ ಕಣೇ, ಬರಲಿ ಬಿಡು. ಇಲ್ಲಿ ಯಾರೂ ಇಲ್ಲ.

ಈಗ ಇನ್ನೊಂದು ಹೊಳೆಯುತ್ತಿದೆ. ಆಸ್ಪತ್ರೆಯಲ್ಲಿ ಎದೆಬಡಿತ ನೋಡುವ ಯಂತ್ರಗಳನ್ನೇ ಬಿಚ್ಚಿ ರಿಪೇರಿ ಮಾಡುವವಳು ನೀನು. ಒಂದು ಹುಲ್ಲಿನ ಮಿಷನ್ ಆರಿಸಲು ನಿವೃತ್ತ ಮೀಟರ್ ರೀಡರನ್ನು ಕೇಳಬೇಕಾಗಿತ್ತೇ? ಬೇಡ, ಉತ್ತರ ಬರೆಯಬೇಡ. ನೀನು ಇಷ್ಟು ವರ್ಷ ಬಾಯಿಬಿಡಲಿಲ್ಲ, ನಾನೂ ಬಿಡುವುದಿಲ್ಲ.

ಒಂದೇ ಒಂದು ನಿಯಮ ಹೇಳಲು ಮರೆತಿದ್ದೆ. ಮಿಷನ್ ಬಂದ ದಿನ ಪೆಟ್ಟಿಗೆ ಒಡೆಯಬೇಡ. ನನಗೆ ಹೇಳಿಕಳಿಸು. ಬ್ಯಾಟರಿ ಮಿಷನ್ನನ್ನು ಮೊದಲ ಸಲ ಓಡಿಸುವಾಗ ಒಬ್ಬರೇ ಇರುವ ಹಾಗಿಲ್ಲ. ಮುಂದೆ ಒಬ್ಬರು, ನಾಲ್ಕು ಹೆಜ್ಜೆ ಹಿಂದೆ ಒಬ್ಬರು ಬೇಕೇ ಬೇಕು. ಈ ಸಲ ಹಿಂದಿನವನು ನಾನು. ಕರೆಂಟಿನ ವಿಷಯ ಮಗಳೇ, ಹುಡುಗಾಟ ಅಲ್ಲ.

ನಿನ್ನ ಹಿತ್ತಲು ಹಸಿರಾಗಿರಲಿ, ನಿನ್ನ ಕೈಗಳು ಸುಖವಾಗಿರಲಿ. ನಾನು ಶೂ ಹಾಕಿಕೊಂಡು ಕಾಯುತ್ತಿರುತ್ತೇನೆ.

ಇಂತು, ನಿನ್ನ ಒಂದು ಗೆರೆಯನ್ನೂ ಬಿಡದೆ ಓದಿದ,
ಮೀಟರ್