ಮಂತ್ರದಂಡ ನನ್ನ ಕೈ ಸೇರುವ ಮೊದಲು

ಪ್ರೀತಿಯ ಅಕ್ಕ,

ನೀನು ಈ ಮಂತ್ರವಿದ್ಯೆಯ ಸಹವಾಸವೇ ಬೇಡವೆಂದು ಕೈಮುಗಿದು ಮನೆ ಬಿಟ್ಟ ಮೇಲೆ ಇದೇ ನನ್ನ ಮೊದಲ ಪತ್ರ. ಮಂತ್ರದಂಡ ಹಿಡಿದೂ ಹಿಡಿದೂ ಅಪ್ಪನಿಗೂ ಅಜ್ಜನ ಹಾಗೇ ತಲೆ ಕೆಟ್ಟಿದೆ. ನಿನ್ನೆ ಊಟಕ್ಕೆ ಕೂತಾಗ ಅಮ್ಮನನ್ನೇ "ಯಾರಮ್ಮ ನೀನು?" ಎಂದು ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಮಂತ್ರದಂಡ ಬೀಸಿ ದನಿ ಕಿತ್ತುಕೊಂಡರು. ಅದು ಇನ್ನೂ ಮರಳಿಲ್ಲ. ಚಿಕ್ಕಪ್ಪ ಮಾತ್ರ, "ಹುಚ್ಚಲ್ಲ ಮರಿ, ಅರಸರೂ ತಲೆಬಾಗಿದ ನಮ್ಮ ಮನೆತನದ ತೇಜಸ್ಸು ಅದು" ಅನ್ನುತ್ತಾರೆ.

ಭಾನುವಾರ ಆ ದಂಡ ನನಗೆ ಕೊಡುತ್ತಾರಂತೆ. ಬೇಡ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಅಷ್ಟರೊಳಗೆ ಗಾಡಿ ತಂದು ಹಿಂಬಾಗಿಲಲ್ಲಿ ನಿಲ್ಲಿಸು. ಅಮ್ಮನಿಗೂ ಜಾಗ ಇರಲಿ.

ಇವತ್ತು ದಂಡವನ್ನು ಸುಮ್ಮನೆ ಮುಟ್ಟಿ ನೋಡಿದೆ. ಎಷ್ಟು ಹಿತವಾಗಿತ್ತು ಗೊತ್ತಾ ಅಕ್ಕಾ? ಅದಕ್ಕೇ ಹೇಳ್ತಿದ್ದೀನಿ, ಬರಲ್ಲ ಅಂತ ನಾನೇ ಹಟ ಹಿಡಿದರೂ ಕೇಳಬೇಡ, ಎಳೆದುಕೊಂಡು ಹೋಗು.

ನಿನ್ನ ದಾರಿ ಕಾಯುತ್ತಿರುವ
ತಮ್ಮ