ಅಬ್ಬಾನಿಗೆ ಒಂದು ಎಡಿಟರ್

12-6-2004, ಶನಿವಾರ. ಗುಂಡ್ಲುಪೇಟೆ

ಚಾಮರಾಜನಗರದಲ್ಲಿ ಡಿಟಿಪಿ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಊರಿಗೆ. ಹೆಗಲಲ್ಲಿ ಜೊತೆ ಕೆಲಸದ ದಾನಿಶಣ್ಣ ಕೊಟ್ಟ ಹಳೆಯ ಲ್ಯಾಪ್‌ಟಾಪ್. ಎಂಥಾ ಭಾರ! ಸ್ಟ್ರೋಕ್ ಆದಾಗಿನಿಂದ ಅಬ್ಬಾನಿಗೆ ಮಾತಿಲ್ಲ, ಬಲಗೈಯೂ ಏಳುವುದಿಲ್ಲ. ಎಡಗೈಯ ಒಂದು ಬೆರಳಲ್ಲಾದರೂ ಟೈಪ್ ಮಾಡಲಿ ಅಂತ. ಅವರು ಓದಿದ್ದು ಕನ್ನಡ ಶಾಲೆ — ಕನ್ನಡವೇ ಬರಬೇಕು.

ಅದರಲ್ಲಿದ್ದ ದೊಡ್ಡ ಎಡಿಟರ್, ಅಂದರೆ ಬರೆಯುವ ಸಾಫ್ಟ್‌ವೇರ್, ತೆರೆಯಲು ಮೂರು ನಿಮಿಷ. ಅಷ್ಟರಲ್ಲಿ ಅಬ್ಬಾ ಗೋಡೆ ಕಡೆ ತಿರುಗಿ ಮಲಗಿದ್ದರು.

13-6, ಬೆಳಿಗ್ಗೆ

ಮೂರು ತಿಂಗಳಿಂದ ಮುಚ್ಚಿರುವ ಟೈಲರಿಂಗ್ ಅಂಗಡಿ ಮಾರೋಣ ಅಂದರು ಅಮ್ಮಿ. ಅಬ್ಬಾ ಬೇಡವೆಂದು ತಲೆ ಅಲ್ಲಾಡಿಸಿದರು. ಯಾಕೆ? ಬರೀ ಗೊರಗೊರ ಶಬ್ದ. "ಹಟ," ಅಂದರು ಅಮ್ಮಿ. ಕೊಳ್ಳುವವರು ಬರುವುದು ಮುಂದಿನ ಭಾನುವಾರ. ಅಷ್ಟರೊಳಗೆ ಅಬ್ಬಾ ಯಾಕೆಂದು ಬರೆದು ತಿಳಿಸುವಂತಾಗಬೇಕು.

17-6. ಚಾಮರಾಜನಗರ

ಲ್ಯಾಪ್‌ಟಾಪ್ ವಾಪಸ್ ತಂದಿದ್ದೆ; ಊಟದ ಹೊತ್ತಲ್ಲಿ ಇನ್ನೆರಡು ಎಡಿಟರ್ ಹಾಕಿ ನೋಡಿದೆ. ಒಂದರಲ್ಲಿ ಕನ್ನಡ ಬರೀ ಚೌಕ ಚೌಕ. ಇನ್ನೊಂದರಲ್ಲಿ ಅಕ್ಷರ ಬರುತ್ತದೆ, ಒತ್ತಿ ಕಾಯಬೇಕು. ಅಬ್ಬಾ ಕಾಯುವುದಿಲ್ಲ. ನಮ್ಮ ಡಿಟಿಪಿ ಅಂಗಡಿ ಮಾಲೀಕ ಸುನೀಲ್ ಕುಮಾರ್ ಇಣುಕಿದರು. "ಅದುನ್ನ ಗುಜರಿಗ್ ಹಾಕ್ಬುಡು ಕಣವ್ವ."

ಊಟದ ಡಬ್ಬಿ ತೆರೆಯಲೇ ಇಲ್ಲ.

18-6

ಕಣ್ಣೆದುರೇ ಇತ್ತು! ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಪುಟ್ಟ ಎಡಿಟರ್, ನೋಟ್‌ಪ್ಯಾಡ್. ಕನ್ನಡ ಮೂಡಿಸಲು ನುಡಿ ಕೀಬೋರ್ಡ್, ಅಕ್ಷರದ ಸೈಜು ಮೂವತ್ತಾರು. ಕ್ಲಿಕ್ — ಬಂತು. ಒಂದೊಂದು ಕೀ ಮೇಲೂ ಕನ್ನಡ ಅಕ್ಷರ ಬರೆದು ಅಂಟಿಸಿದೆ. ಎರಡು ಕಡೆ ತಪ್ಪಾಗಿ ಕಿತ್ತು ಮತ್ತೆ ಅಂಟಿಸಿದೆ.

20-6, ಭಾನುವಾರ. ಗುಂಡ್ಲುಪೇಟೆ

ಅಬ್ಬಾ ಮೊದಲು ಬರೆದದ್ದು: "ಉಪು ಕಡಿಮೆ." ಒತ್ತಕ್ಷರ ಸಿಗಲಿಲ್ಲ. ಅಮ್ಮಿ ನಗುತ್ತಾ ಅತ್ತರು. ಮೂರು ತಿಂಗಳು ಅಬ್ಬಾ ಸಪ್ಪೆ ಸಾರು ಉಂಡಿದ್ದಾರೆ!

ಆಮೇಲೆ: "ಮಾರಬೇಡ. ಮಲಮ ನಡೆಸಲಿ."

ಮಲಮ ಅಂದರೆ ಚಿಕ್ಕಮಲ್ಲಮ್ಮ. ಹತ್ತಿರದ ಹಳ್ಳಿ ಭೀಮನಬೀಡಿನವರು. ಇಪ್ಪತ್ತು ವರ್ಷದಿಂದ ಅಬ್ಬಾನ ಅಂಗಡಿಯಲ್ಲಿ ಗುಂಡಿ, ಕಾಜಾ ಹಾಕುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೆ ಅವರು ಏನು ಮಾಡುತ್ತಿದ್ದಾರೆ ಅಂತ ನಾವ್ಯಾರೂ ಕೇಳಿರಲಿಲ್ಲ. ಅಮ್ಮಿ ಕೊಳ್ಳುವವರನ್ನು ವಾಪಸ್ ಕಳಿಸಿದರು. ನಾನು ಚಿಕ್ಕಮಲ್ಲಮ್ಮನಿಗೆ ಹೇಳಿಕಳಿಸಿದೆ.

ಮಧ್ಯಾಹ್ನ ಬಂದರು. "ನನ್ಗ್ಯಾಕಣ್ಣೋ? ಬಟ್ಟೆ ಕತ್ತರ್ಸಕೆ ನಂಗೆಲ್ಲಿ ಬತ್ತದೆ?"

ಅಬ್ಬಾ ಕೀ ಹುಡುಕಿ ಒತ್ತಿದರು. ನಾನು ಓದಿ ಹೇಳಿದೆ: "ಕಲಿಸುವೆ."

ಅವರಿಗೆ ಓದು ಬಾರದು. ಆದರೂ ಎದ್ದು ಬಂದು ಪರದೆ ನೋಡುತ್ತಾ ನಿಂತರು. "ಇನ್ನೊಂದ್ಸಲ ಓದವ್ವ."

ಓದಿದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಯಾವತ್ತಿಂದ ಬರ್ಲಣ್ಣ?" ಅಂದರು.

ಅಬ್ಬಾ ಈಗಲೂ ಕೀ ಹುಡುಕುತ್ತಿದ್ದಾರೆ. ನಾ... ಳೆ... ಬೆ—