ಹೆರೆದ ನಾಲಿಗೆ

ಫೇರ್‌ಫ್ಯಾಕ್ಸ್, ವರ್ಜೀನಿಯಾ
೧೪ ಅಕ್ಟೋಬರ್ ೧೯೯೬, ಸೋಮವಾರ

ಪ್ರೀತಿಯ ಪ್ರಶಾಂತೂ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಗ್ಯಾರೇಜಿನ ಕೆಲಸಕ್ಕೆ ನಿನ್ನ ಕೈ ಒಡೆಯುತ್ತಿಲ್ಲ ತಾನೆ? ಕನ್ನಡ ಓದುವುದು ನಿನಗೆ ನಿಧಾನ ಎಂದು ಅಕ್ಷರಗಳನ್ನು ಬಿಡಿಸಿ ಬರೆದಿದ್ದೇನೆ.

ನನ್ನ ಬಲಗೈ ಬೆರಳುಗಳು ಜೋಮು ಹಿಡಿದು ಎಂಟು ತಿಂಗಳಾಯಿತು. ದೋಸೆ ಕಾವಲಿ ತಾಗಿದರೂ ಬಿಸಿ ತಿಳಿಯುವುದಿಲ್ಲ. ನಿಮ್ಮಪ್ಪ ತಮ್ಮ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಕಳೆದ ಗುರುವಾರ ಪಕ್ಕದ ಮನೆಯ ನೀತಾ ಒಬ್ಬ ಚೀನೀ ವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರ್ ಲಿನ್ ಎಂದು, ನನಗಿಂತ ಹಿರಿಯರು. ಲಾಂಡ್ರಿ ಅಂಗಡಿಯ ಪಕ್ಕ ಎರಡು ಕೋಣೆ, ಯಂತ್ರ ಒಂದೂ ಇಲ್ಲ. ಮೊದಲು ಮುಖ ನೋಡಿದರು, ಮಾತಾಡಿಸಿ ದನಿ ಕೇಳಿದರು. ಆಮೇಲೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಹಗುರಾಗಿ ಒಮ್ಮೆ, ಒತ್ತಿ ಒಮ್ಮೆ, ನಾಡಿ ನೋಡುತ್ತಲೇ ಪ್ರಶ್ನೆ ಕೇಳಿದರು. ಚಳಿಯೋ ಸೆಕೆಯೋ, ಬೆವರು ಬರುತ್ತದೆಯೇ, ಬಾಯಾರಿದರೆ ಬಿಸಿನೀರು ಬೇಕೋ ತಣ್ಣೀರೋ, ನಿದ್ದೆ ಹೇಗೆ. ಇಷ್ಟೆಲ್ಲ ಯಾರೂ ನನ್ನನ್ನು ಕೇಳಿರಲಿಲ್ಲ. ಒಂದು ಪ್ರಶ್ನೆಗೆ ಮಾತ್ರ ಸುಳ್ಳು ಹೇಳಿದೆ.

ಕೊನೆಗೆ ನಾಲಿಗೆ ಚಾಚಲು ಹೇಳಿದರು. ಬಹಳ ಹೊತ್ತು ನೋಡಿ, ಬೆಳಿಗ್ಗೆ ಏನು ಮಾಡಿದಿರಿ ಎಂದರು. ನಮ್ಮಲ್ಲಿ ದಿನಾ ನಾಲಿಗೆ ಹೆರೆದುಕೊಳ್ಳುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ. ವೈದ್ಯರ ಬಳಿ ಹೋಗುವುದಲ್ಲವೇ ಎಂದು ಆ ದಿನ ಎರಡು ಸಲ ಹೆರೆದಿದ್ದೆ. ಅವರಿಗೆ ನಗು ಬಂತು. ನಾಲಿಗೆಯ ಮೇಲಿನ ಲೇಪದ ಬಣ್ಣ, ದಪ್ಪ ನೋಡಿ ಒಳಗಿನದನ್ನು ತಿಳಿಯಬೇಕಂತೆ. ನಾನು ಓದಬೇಕಾದ್ದನ್ನು ನೀವೇ ಒರೆಸಿಕೊಂಡು ಬಂದಿದ್ದೀರಿ ಎಂದರು. ಈ ಗುರುವಾರದವರೆಗೆ ಹೆರೆಯುವಂತಿಲ್ಲ. ನಾಲ್ಕು ದಿನವಾಯಿತು. ಬಾಯಿ ಕಹಿ.

ನಿಮ್ಮಪ್ಪ ಇದನ್ನು ಕೇಳಿ, "ನಾಲಿಗೆ ನೋಡಿ ರೋಗ ಹೇಳ್ತಾಳಂತಾ? ಹಾಗಾದ್ರೆ ನಮ್ಮ ಸ್ಕ್ಯಾನಿಂಗ್ ಮೆಷಿನ್ನೆಲ್ಲಾ ಹಳೇ ಸಾಮಾನಿನ ಜೊತೆ ಗ್ಯಾರೇಜ್ ಸೇಲ್‌ಗೆ ಹಾಕೋಣ ಬಿಡು" ಎಂದರು. ಈ ಸಲ ತಾವೇ ಡ್ರೈವ್ ಮಾಡಿಕೊಂಡು ಬರುತ್ತಾರಂತೆ, ತಮಾಷೆ ನೋಡಲು.

ಫೆಬ್ರವರಿಯಲ್ಲಿ ನೀನು ಮೆಡಿಕಲ್ ಓದು ಬಿಟ್ಟೆ ಎಂದು ಫೋನ್ ಮಾಡಿದೆಯಲ್ಲ, ಅದನ್ನು ಇಟ್ಟ ಮೇಲೆ ಅವರು "ಇನ್ನು ನಮಗೆ ಮಕ್ಕಳಿಲ್ಲ, ಗೊತ್ತಾಯ್ತಾ?" ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಆಮೇಲೆ ಮನೆಯಲ್ಲಿ ನಿನ್ನ ಹೆಸರು ಯಾರೂ ಎತ್ತಿಲ್ಲ.

ಮಲಗುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೋ. ನಿನಗೆ ಒಳ್ಳೆಯದಾಗಲಿ, ಮಗು.

ನಿನ್ನ ಅಮ್ಮ,
ವರಲಕ್ಷ್ಮಿ

ತಾ.ಕ.: ಸುಳ್ಳು ಹೇಳಿದ್ದು, ಮಕ್ಕಳೆಷ್ಟು ಎಂಬ ಪ್ರಶ್ನೆಗೆ. ಇಲ್ಲ ಎಂದೆ. ಅವರ ಬೆರಳು ಇನ್ನೂ ನಾಡಿಯ ಮೇಲಿತ್ತು. ಅವರು ಬರೆದುಕೊಳ್ಳಲಿಲ್ಲ, ಹಾಳೆಯಲ್ಲಿ ಆ ಜಾಗ ಹಾಗೇ ಬಿಟ್ಟರು. ಗುರುವಾರ ಅವರು ಕೇಳದಿದ್ದರೂ, ನಿಮ್ಮಪ್ಪ ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ, ಒಬ್ಬ ಮಗ, ಪ್ರಶಾಂತ್, ಇಪ್ಪತ್ತನಾಲ್ಕು ವರ್ಷ, ನಾರ್‌ಕ್ರಾಸ್‌ನಲ್ಲಿದ್ದಾನೆ ಎಂದು ಹೇಳುವುದೆಂದು ನಿಶ್ಚಯಿಸಿದ್ದೇನೆ. ಇವತ್ತಿನ್ನೂ ಸೋಮವಾರ.